ಮೈ ತುಂಬಿದ ದಿನ

ಹರುಮಿ ಎತ್ತಿ ಹಿಡಿದಿದ್ದ ಅಂಗೈಯಿಂದ ಬೆಳಕು ಬರುತ್ತಿತ್ತೋ ಇಲ್ಲವೋ ವತ್ಸಲಾಗೆ ತಿಳಿಯಲಿಲ್ಲ. ಆದರೆ ಕಣ್ಣು ಮುಚ್ಚಿ ಕೂತಿದ್ದ ಅವಳ ಕೈಗಳು ತೊಡೆಯ ಮೇಲೆ ತಾವಾಗಿಯೇ ನಡುಗತೊಡಗಿದವು. "ಯಾರು ನೀವು? ಈ ಮೈಯೊಳಗೆ ಏಕೆ ಬಂದಿದ್ದೀರಿ?" ಎಂದು ಹರುಮಿ ಇಂಗ್ಲಿಷಿನಲ್ಲಿ, ಮನೆಗೆ ಬಂದ ನೆಂಟರನ್ನು ವಿಚಾರಿಸುವಷ್ಟು ಮೆತ್ತಗೆ ಕೇಳಿದಳು. ಪಿನ್ನರ್ ಎಂಬ ಆ ಇಂಗ್ಲಿಷ್ ಊರಿನ ಬಾಡಿಗೆ ಹಾಲ್‌ನಲ್ಲಿ ಸುತ್ತ ಕೂತಿದ್ದವರೆಲ್ಲ ತಲೆ ತಗ್ಗಿಸಿದರು.

ಜಪಾನಿನಿಂದ ಬಂದ ಪಂಥ ಅದು, ಹರುಮಿ ಅದರ ಗುರು. ಅಂಗೈಯ ಬೆಳಕಿನಿಂದ ಆತ್ಮದ ಕೊಳೆ ತೊಳೆಯುತ್ತಾರೆ, ಅಂಟಿಕೊಂಡ ಪ್ರೇತಗಳನ್ನು ಬಿಡಿಸುತ್ತಾರೆ ಎಂದು ಹೇಳಿಕೆ. ವತ್ಸಲಾಳ ಗಂಡ ಡಾಕ್ಟರ್ ಗೋಪೀನಾಥರಿಗೆ ಇದರಲ್ಲೆಲ್ಲ ಕವಡೆ ಕಾಸಿನ ನಂಬಿಕೆಯಿರಲಿಲ್ಲ. ಆದರೆ ಮಗಳು ತನ್ಮಯಿ ಕಾಲೇಜಿನ ಹಾಸ್ಟೆಲಿನಲ್ಲಿ ಮಿದುಳುಜ್ವರದಿಂದ ತೀರಿಕೊಂಡ ಮೇಲೆ ಹೆಂಡತಿಯ ನಿದ್ದೆ ಹೋಗಿತ್ತು, ಮಾತು ಹೋಗಿತ್ತು. ಕುಟುಂಬ ವೈದ್ಯರು ಬರೆದುಕೊಟ್ಟ ಮಾತ್ರೆಗಳಿಂದ ಏನೂ ಆಗಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತ, ಸ್ಟ್ಯಾನ್ಮೋರ್‌ನ ಮನೆಯಿಂದ ತಾವೇ ಕಾರು ಓಡಿಸಿಕೊಂಡು ಕರೆತಂದಿದ್ದರು. ಮಗಳ ಹೆಸರನ್ನು ಮಾತ್ರ ಮನೆಯಲ್ಲಿ ಎತ್ತುವಂತಿರಲಿಲ್ಲ. ಎತ್ತಿದರೆ ಗೋಪೀನಾಥರು ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರು.

ಹರುಮಿಯ ಪ್ರಶ್ನೆ ಕಿವಿಗೆ ಬಿದ್ದಾಗ ವತ್ಸಲಾಗೆ ನೆನಪಾದವಳು ಧಾರವಾಡದ ತಮ್ಮ ಓಣಿಯ ಗಂಗವ್ವ. ಗಂಡನ ಎದುರು ತುಟಿ ಪಿಟಕ್ಕೆನ್ನದ ಹೆಂಗಸು. ಮಂಗಳವಾರ ಮೈ ತುಂಬಿತೆಂದರೆ ಮಾತ್ರ ಎಲ್ಲಮ್ಮನಾಗಿ ನಿಂತು ಅವನ ಜನ್ಮ ಜಾಲಾಡುತ್ತಿದ್ದಳು. ಅವನು ಕೈಮುಗಿದು "ತಪ್ಪಾತವ್ವ ತಾಯಿ" ಅನ್ನಲೇಬೇಕು, ಅನ್ನದಿದ್ದರೆ ಓಣಿಯವರು ಬಿಡುತ್ತಿರಲಿಲ್ಲ. ಮೈಯಲ್ಲಿ ದೇವರು ಬಂದವಳ ಬಾಯಿ ಮುಚ್ಚಿಸುವ ಧೈರ್ಯ ಯಾರಿಗಿದೆ? ವತ್ಸಲಾಗೆ ಗಂಡನ ಬಾಯಿಂದ ಬೇಕಾಗಿದ್ದೂ ತಪ್ಪಾಯಿತು ಎಂಬ ಆ ಒಂದೇ ಮಾತು. ಅದು ಸಿಕ್ಕಿದರೆ ಅವಳು ಮನಸಾರೆ ಅತ್ತು, ಇದೇ ಮನುಷ್ಯನ ಜೊತೆ ಉಳಿದ ಆಯುಷ್ಯ ಕಳೆದಾಳು.

ನಡುಕವನ್ನು ಅವಳು ತಡೆಯಲಿಲ್ಲ. ಮದುವೆಯಾದಂದಿನಿಂದ ಗಂಡನಿಗೆ 'ನೀವು' ಅಂದವಳ ಬಾಯಲ್ಲಿ 'ನೀ' ಬಂತು.

"ಕೂಸು ಫೋನ್ ಮಾಡಿತ್ತು. ತಲಿ ಸಿಡೀಲಿಕ್ಕತ್ತದ, ಬೆಳಕು ನೋಡ್ಲಿಕ್ಕೆ ಆಗವಲ್ದು ಅಂದಿತ್ತು. ಡಾಕ್ಟರ್ ನೀ. ಪರೀಕ್ಷಾದ ಅಂಜಿಕಿ, ಗುಳಿಗಿ ತಗೊಂಡು ಮಲಕೋ ಅಂದಿ. ನಾ ಹೋಗಿ ನೋಡಿ ಬರ್ತೇನಿ ಅಂದ್ರ ಕಾರಿನ ಚಾವಿ ಕಿಸೆದಾಗ ಇಟ್ಕೊಂಡಿ. ಮುಂಜಾನೆ ಅಕಿ ರೂಮಿನ ಬಾಗಲಾ ಒಡದ್ರು. ತಪ್ಪಾತು ಅನ್ನು. ನನಗಲ್ಲ, ಅಕಿಗೆ ಅನ್ನು."

ಅಲ್ಲಿ ಕನ್ನಡ ಬಲ್ಲವರು ಇನ್ನೊಬ್ಬರೇ. ಗೋಪೀನಾಥರ ಕುರ್ಚಿ ಕಿರ್ರೆಂದಿತು. ಅವರು ಅಳುತ್ತಿದ್ದಾರೆ ಎಂದು ವತ್ಸಲಾ ಒಂದು ಗಳಿಗೆ ಆಸೆಪಟ್ಟಳು. ಆತ್ಮ ಏನು ಹೇಳುತ್ತಿದೆ ಎಂದು ಹರುಮಿ ಅವರನ್ನು ಕೇಳಿದಳು. ಅವರು ಗಂಟಲು ಸರಿಪಡಿಸಿಕೊಂಡರು. ರೋಗಿಯ ಕಡೆಯವರಿಗೆ ಕೆಟ್ಟ ಸುದ್ದಿ ಹೇಳುವ ಆಸ್ಪತ್ರೆಯ ಇಂಗ್ಲಿಷಿನಲ್ಲಿ, ಇದು ತೀರಿಕೊಂಡ ನನ್ನ ತಾಯಿ, ನನ್ನನ್ನು ಹೀಗೆ ಏಕವಚನದಲ್ಲಿ ಕರೆಯುತ್ತಿದ್ದವಳು ಅವಳೊಬ್ಬಳೇ ಎಂದರು. ಸಾಯುವಾಗ ನಾನು ಹತ್ತಿರ ಇರಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ, ನೀರಡಿಕೆಯಾಗಿದೆ ಅನ್ನುತ್ತಿದ್ದಾಳೆ ಎಂದರು.

ಹರುಮಿ ಆ ತಾಯಿಗೆ ತಲೆಬಾಗಿ ಕ್ಷಮೆ ಕೇಳಿದಳು. ಒಂದು ಲೋಟ ನೀರು ತರಿಸಿ ಎದುರಿಗಿಟ್ಟಳು. ಆಮೇಲೆ ಗೋಪೀನಾಥರಿಗೆ, ಇದು ಇರತಕ್ಕ ಜಾಗವಲ್ಲ, ಈ ಹೆಂಗಸಿನ ಮೈ ಬಿಟ್ಟು ಹೋಗಬೇಕು ಅಂತ ನಿಮ್ಮ ಭಾಷೆಯಲ್ಲೇ ತಿಳಿಸಿ ಹೇಳಿ ಎಂದಳು. ಆಗ ವತ್ಸಲಾಗೆ ತನ್ನ ಎಡವಟ್ಟು ಗೊತ್ತಾಯಿತು. ಗಂಗವ್ವನ ಓಣಿಯಲ್ಲಿ ಮೈ ತುಂಬಿದರೆ ಕುಂಕುಮ ಹಚ್ಚಿ ಅಪ್ಪಣೆ ಕೇಳುತ್ತಾರೆ. ಇಲ್ಲಿ ತೊಳೆದು ಆಚೆ ಹಾಕುತ್ತಾರೆ.

ಗೋಪೀನಾಥರು ಅವಳ ಕಿವಿಯ ಹತ್ತಿರ ಬಾಗಿದರು.

"ಸಾಕು ಮಾಡು, ವತ್ಸಲಾ. ಮಂದಿ ನೋಡ್ಲಿಕ್ಕತ್ತಾರ."

ಅವರ ದನಿ ಎಷ್ಟು ಮೃದುವಾಗಿತ್ತೆಂದರೆ, ಸುತ್ತಲಿನವರು ಪ್ರಾರ್ಥನೆಯೆಂದು ತಿಳಿದು ಕೈಮುಗಿದರು. ವತ್ಸಲಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಬಹುದಿತ್ತು, ಭಾಷೆ ಬಾರದವಳಲ್ಲ. ಆದರೆ ಕೇಳಬೇಕಾದವರು ಆಗಲೇ ಕೇಳಿಯಾಗಿತ್ತು. ಇನ್ನು ಯಾರಿಗೆ ಹೇಳುವುದು? ಎದೆಯೊಳಗೆ ಇಷ್ಟು ದಿನ ಉರಿಯುತ್ತಿದ್ದುದು ತಣ್ಣಗಾಯಿತು, ಕೈಗಳ ನಡುಕ ನಿಂತಿತು. ಹರುಮಿ ಕಣ್ಣೊರೆಸಿಕೊಂಡು, ಹೋಯಿತು ಎಂದಳು. ಏನಾದರೂ ನೆನಪಿದೆಯೇ ಎಂದು ಅವಳು ಕೇಳಿದ್ದಕ್ಕೆ ವತ್ಸಲಾ, ಇಲ್ಲ, ಥ್ಯಾಂಕ್ ಯೂ, ಎಂದಳು.

ಹೊರಡುವಾಗ ಗೋಪೀನಾಥರು ಕಾರಿನ ಬಾಗಿಲು ತೆಗೆದು ಅವಳನ್ನು ಜೋಪಾನವಾಗಿ ಕೂರಿಸಿದರು, ಸೀಟ್ ಬೆಲ್ಟನ್ನೂ ತಾವೇ ಹಾಕಿದರು. ದಾರಿಯಲ್ಲಿ ಸಿಗ್ನಲ್ ಕೆಂಪಾಗಿ ಕಾರು ನಿಂತಾಗ, ಎದುರಿಗೇ ನೋಡುತ್ತ ಅಂದರು:

"ಪಾಪ, ಅವ್ವಗ ನೀರು ಸಿಕ್ತು. ಇನ್ನ ಬರೂದಿಲ್ಲ ಬಿಡು."

ಕಾರಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.