ವಾರದ ಮಟ್ಟಿಗೆ ಒಂದು ಆತಂಕ

ಮನಶ್ಶಾಸ್ತ್ರ ಎಂ.ಎಸ್ಸಿ.ಯ ಕೊನೆಯ ಪ್ರಾಕ್ಟಿಕಲ್ ಎಂದರೆ ಬೇರೊಬ್ಬರ ಆತಂಕವನ್ನು ಒಂದು ವಾರ ಹೊತ್ತು, ಚೂರೂ ಸವೆಯದಂತೆ ವಾಪಸು ಕೊಡುವುದು. ಕೊಡದವರಿಗೆ ಮನಶ್ಶಾಸ್ತ್ರಜ್ಞರೆಂಬ ನೋಂದಣಿಯಿಲ್ಲ. ವಾಗ್ದೇವಿಯ ಪಾಲಿಗೆ ಬಂದದ್ದು, ಹಾಸ್ಟೆಲಿನಲ್ಲಿರುವ ಮಗಳ ಬಗ್ಗೆ ಗಂಗವ್ವನಿಗಿದ್ದ ಆತಂಕ. ಅದನ್ನು ಹೊತ್ತವಳು ಸುಮ್ಮನಿರಲಾರದೆ ದಿನವೂ ಆ ಹುಡುಗಿಗೆ ಫೋನ್ ಮಾಡಿದ್ದಳು.

ವಾಪಸು ಕೊಡುವ ಸಂಜೆ ಗಂಗವ್ವ ಕೈಚಾಚಲಿಲ್ಲ. "ನೀನ ಇಟ್ಕೊಳವಾ. ವಾರಾ ಪೂರಾ ಕಣ್ತುಂಬ ನಿದ್ದಿ ಮಾಡೇನಿ. ನಾ ಫೋನ್ ಮಾಡಿದ್ರ ಆಕಿ ಎತ್ತಂಗಿಲ್ಲ, ನಿಂದು ಎತ್ತತಾಳ."

"ನಾನು ಫೇಲಾಗ್ತೀನಿ ಅಮ್ಮಾ," ಎಂದಳು ವಾಗ್ದೇವಿ.

"ಮುಂದಿನ ವರ್ಷ ಕಟ್ಟೀಯಂತ ತಗೊ."

ಪ್ರಾಕ್ಟಿಕಲ್ ಉಸ್ತುವಾರಿಗೆ ಕುಳಿತಿದ್ದ ಗೈಡ್ ಗಡಿಯಾರ ನೋಡಿದರು. "ನೋಂದಣಿ ಬೇಕೋ ಬೇಡ್ವೋ, ವಾಗ್ದೇವಿ? ಕೊಟ್ಬಿಡಿ."

"ಬೇಕು ಸರ್," ಎಂದವಳ ಕೈ ಆಗಲೇ ಫೋನಿನ ಮೇಲಿತ್ತು. "ಒಂದ್ನಿಮಿಷ. ಕತ್ತಲಾಯ್ತು, ಅವಳಿನ್ನೂ ಹಾಸ್ಟೆಲಿಗೆ ಬಂದಿಲ್ಲ."