ಸ್ವಂತ ಅರ್ಜಿ

ಸಂಜೆ ಕಾಲೇಜಿನಲ್ಲಿ ಓದುವ ಹೇಮಲತಾಳಿಗೆ ಆರು ತಿಂಗಳಲ್ಲಿ ಬಂದ ಮೊದಲ ಕೆಲಸದ ಸಂದರ್ಶನ ಅದು. ಮೇಜಿನ ಮೇಲೆ ಅವಳ ಅರ್ಜಿಯಿತ್ತು.

"ಇದನ್ನ ಎಐ ಬರೆದಿದ್ದು ತಾನೇ?" ಎಂದರು ಮ್ಯಾನೇಜರ್.

"ಇಲ್ಲ ಸರ್, ನಾನೇ ಬರೆದೆ. ತಪ್ಪಿದ್ರೆ ತೋರಿಸು ಅಂತ ಮಾತ್ರ ಅದಕ್ಕೆ ಕೊಟ್ಟಿದ್ದೆ." ಇಷ್ಟನ್ನು ಮುಚ್ಚಿಡಬಾರದೆಂದು ಅವಳು ಮನೆಯಲ್ಲೇ ನಿರ್ಧರಿಸಿ ಬಂದಿದ್ದಳು.

"ಬೆಳಗ್ಗೆಯಿಂದ ಎಲ್ಲರದೂ ಇದೇ ಹರಿಕಥೆ ಕಣಮ್ಮಾ. ತಗೊಳ್ಳಿ ಹಾಳೆ, ಇಲ್ಲೇ ಕೂತು ಇನ್ನೊಂದ್ಸಲ ಬರೀರಿ. ನೋಡೇಬಿಡೋಣ."

ಹೇಮಲತಾಳಿಗೆ ಹೋದ ಜೀವ ಬಂದಂತಾಯಿತು. ಎಲ್ಲಿ ಏನು ತಪ್ಪಾಗಿಬಿಡುತ್ತದೋ ಎಂಬ ಹೆದರಿಕೆಯಲ್ಲಿ ಆ ಅರ್ಜಿಯನ್ನು ಅವಳು ಹದಿನಾಲ್ಕು ಸಲ ಕೈಯಲ್ಲೇ ತಿದ್ದಿ ತಿದ್ದಿ ಬರೆದಿದ್ದಳು. ಒಂದೊಂದು ಮಾತೂ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಎಲ್ಲೂ ತಡವರಿಸದೆ ಬರೆದು ಅವರ ಮುಂದಿಟ್ಟಳು.

ಮ್ಯಾನೇಜರ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಸಾಲುಸಾಲಿಗೂ ಬೆರಳಿಟ್ಟು ಓದಿದರು. ಒಂದು ಪದವೂ ಬದಲಾಗಿರಲಿಲ್ಲ.

"ಈಗ ನಂಬ್ತೀರಾ ಸರ್?"

ಅವರು ನಕ್ಕು, ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು.

"ಸ್ವಂತ ಬರೆದೋರು ಯಾರಾದ್ರೂ ಇಷ್ಟು ಚೆನ್ನಾಗಿ ಬಾಯಿಪಾಠ ಮಾಡ್ಕೊಂಡು ಬರ್ತಾರೇನಮ್ಮಾ?"