ನೀಲವ್ವನ ಕಾಗದ

ಇಷ್ಟು ವರ್ಷ ಸಾಲಿ ಕಲಿಸಿದೆ, ಕಾದಂಬರಿ ಬರೆದೆ. ಶೇಂಗಾ ಹುರಿಯುವ ವಾಸನೆ ಬಂದರೆ ಮಾತ್ರ ಇಂದಿಗೂ ಪೆನ್ನು ಕೆಳಗಿಡುತ್ತೇನೆ.

ಅದು ನಿಜಾಮರ ಕಾಲ, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಕುಕನೂರಿನ ನಮ್ಮ ಓಣಿಯಲ್ಲಿ ಉರ್ದು ಕಲಿಯುತ್ತಿದ್ದವನು ನಾನೊಬ್ಬನೇ. ಪಕ್ಕದ ಮನೆಯ ನೀಲವ್ವ ಗಂಡನನ್ನು ಕಳೆದುಕೊಂಡಿದ್ದಳು. ಆಕೆಯ ಹೊಲ ತನ್ನದೆಂದು ಮೈದುನ ಫಿರ್ಯಾದು ಹೂಡಿದ್ದ. ಒಂದು ಮಧ್ಯಾಹ್ನ ಆಕೆ ಕಚೇರಿಯಿಂದ ಬಂದ ಕಾಗದವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು.

"ಏನ್ ಬರದಾರ ನೋಡಪಾ ತಮ್ಮಾ," ಎಂದು ಬಿಸಿ ಶೇಂಗಾವನ್ನು ನನ್ನ ಅಂಗೈಗೆ ಸುರಿದಳು.

ಪುಸ್ತಕದ ಅಚ್ಚಿನ ಅಕ್ಷರ ಬಿಟ್ಟರೆ ನನಗೇನೂ ಬರುತ್ತಿರಲಿಲ್ಲ. ಗುಮಾಸ್ತನ ಗೀಚುಬರಹದಲ್ಲಿ ಆಕೆಯ ಹೆಸರೊಂದೇ ತಿಳಿಯಿತು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದ. ಬರುವುದಿಲ್ಲ ಎನ್ನಲು ನಾಚಿಕೆಯಾಯಿತು.

"ಹೊಲ ನಿಂದ ಐತಂತ ಅತ್ತಿ. ನೀ ಕಚೇರಿಗೆ ಬರೂದು ಬ್ಯಾಡಂತ," ಎಂದು ಸರಾಗವಾಗಿ ಓದಿಬಿಟ್ಟೆ.

ಅದು ವಿಚಾರಣೆಗೆ ಕರೆದ ಕಾಗದವೆಂದು, ಆಕೆ ಹೋಗದೆ ಹೊಲ ಮೈದುನನ ಪಾಲಾದ ಮೇಲೆ ಗೊತ್ತಾಯಿತು. ಅಪ್ಪ ನನ್ನತ್ತ ತಿರುಗಿದ. ನೀಲವ್ವ ನಡುವೆ ಬಂದಳು.

"ಹುಡುಗ ಬರೋಬ್ಬರಿ ಓದ್ಯಾನ್ರಿ. ಕಚೇರಿಯವ್ರೇ ಮಾತು ತಿರುವ್ಯಾರ."

ಆ ಹೊಲದ ಕೊನೆಯ ಶೇಂಗಾವನ್ನು ನನ್ನ ಅಂಗೈಗೆ ಸುರಿದಳು. ನಾನು ಸುಮ್ಮನೆ ತಿಂದೆ.